ಕಾರಿಗೆ ತನ್ನ ದನಿ ತಿಳಿಯದೆ ಹೋದದ್ದು

"ನಮ್ಮ ಮನೆತನ ಮೂರು ತಲೆಮಾರಿನಿಂದ ರೇಸ್ ಕಾರುಗಳ ಎರಡು ಹೊಗೆ ಕೊಳವೆಗಳನ್ನು ಜೋಡಿಸುತ್ತ ಬಂದಿದೆ. ನಮ್ಮ ಗಂಭೀರ ದನಿಗೆ ಎಲ್ಲರೂ ಗೌರವ ಕೊಟ್ಟಿದ್ದಾರೆ" ಎಂದು ಗ್ಯಾರೇಜಿನ ಮೂಲೆಯಲ್ಲಿದ್ದ ಎಚ್ ಪೈಪು ಹೇಳಿತು.

ಎದುರಿಗೆ ನಿಂತಿದ್ದ ಕಾರು ಕಳೆದ ತಿಂಗಳು ಅದನ್ನು ಗೊಗ್ಗರು ಗಂಟಲಿನ ಮುದುಕಿ ಎಂದು ಹೀಯಾಳಿಸಿ ಬಿಚ್ಚಿಸಿ, ಶಕ್ತಿ ಹೆಚ್ಚಲೆಂದು ಅದರ ಜಾಗಕ್ಕೆ ಎಕ್ಸ್ ಪೈಪು ಹಾಕಿಸಿಕೊಂಡಿತ್ತು. ಈಗ ಅದನ್ನೇ ಮತ್ತೆ ಕರೆಯಲು ಬಂದಿತ್ತು.

"ಏಕೆ, ಶಕ್ತಿ ಹೆಚ್ಚಲಿಲ್ಲವೆ?" ಎಂದು ಎಚ್ ಪೈಪು ಕೇಳಿತು.

"ಹೆಚ್ಚಿತು, ಅಮ್ಮ. ಕಳೆದ ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದೆ. ಹಿಂದಿನಿಂದ ಯಾರೋ ಕಿರುಚುತ್ತ ಬರುವುದು ಕೇಳಿಸಿ, ದಾರಿ ಬಿಟ್ಟುಕೊಟ್ಟು ಸೋತೆ. ಆ ಕಿರುಚಾಟ ಎಕ್ಸ್ ಪೈಪು ಕೊಟ್ಟ ನನ್ನದೇ ಹೊಸ ದನಿ ಅಂತೆ. ಈಗ ನನಗೆ ವೇಗ ಬೇಕೋ, ನನ್ನ ದನಿ ಬೇಕೋ ತಿಳಿಯುತ್ತಿಲ್ಲ. ಭಾನುವಾರ ಮತ್ತೆ ರೇಸಿದೆ. ನೀವೇ ಬನ್ನಿ."

"ಬರುವ ಮಾತು ಆಮೇಲೆ. ಮೊದಲು ಕ್ಷಮೆ ಕೇಳು."