ದ್ಯಾವಣ್ಣ ಪದ ಕಲಿಸಿದ್ದು

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ನಡುವೆ ಬಾಯಿ ಹಾಕಬೇಡಿ, ನಗು ಬಂದ್ರೆ ಮಾತ್ರ ನಗಿ.

ಒಂದೂರಲ್ಲಿ ಸಾಕವ್ವ ಅಂತ ಒಬ್ಬಳು. ಅವಳಿಗೆ ದ್ಯಾವಣ್ಣ ಅಂತ ಒಬ್ಬನೇ ಮಗ. ಮಗ ಹೆಂಗೆ ಅಂತೀರಾ? ಹೇಳಿದ್ದನ್ನೆಲ್ಲಾ ಮಾಡೋನು, ಹೇಳಿದಷ್ಟೇ ಮಾಡೋನು. "ಬಾಗಿಲು ನೋಡ್ಕೊಂಡಿರೋ" ಅಂತ ಅವ್ವ ನೀರಿಗೆ ಹೋದ್ರೆ, ಬಾಗಿಲನ್ನೇ ನೋಡ್ತಾ ಕೂತಿರೋನು. ನಾಯಿ ಪಕ್ಕದಲ್ಲೇ ಒಳಗೆ ಹೋಗಿ ಮುದ್ದೆ ತಿಂದು ಹೊರಗೆ ಬರೋದು.

"ಅಯ್ಯೋ, ಮುದ್ದೆ ಎಲ್ಲೋ?"

"ಗೊತ್ತಿಲ್ಲ ಕಣವ್ವಾ. ಬಾಗಿಲು ಮಾತ್ರ ಎಲ್ಲೂ ಹೋಗಿಲ್ಲ!"

ಇಂಥವನ ಅಕ್ಷರ ಮಾತ್ರ ಮುತ್ತು ಪೋಣಿಸಿದಂಗೆ. ಊರ ಶಾಲೇಲಿ ಮೇಷ್ಟ್ರಿಗೆ ಬರ. ಮುಖ್ಯ ಮೇಷ್ಟ್ರು ಗುರುಮಲ್ಲಪ್ಪ ಇವನ ಅಕ್ಷರ ನೋಡಿದ್ರು. "ಓದ್ತಾನೆ, ಬರೀತಾನೆ, ಯಾಕೆ ಅಂತ ಕೇಳಲ್ಲ. ಮೇಷ್ಟ್ರಾಗೋಕೆ ಇನ್ನೇನು ಬೇಕು?" ಅಂದ್ರು. ಸಾಹೇಬರು ಶಾಲೆ ನೋಡೋಕೆ ಬರೋವರೆಗೂ ಇರು, ಅವರು ಒಪ್ಪಿದ್ರೆ ಕೆಲಸ ನಿನ್ನದು ಅಂದ್ರು. ಸಾಕವ್ವ ಊರಿಗೆಲ್ಲಾ ಸಕ್ಕರೆ ಹಂಚಿದಳು.

ಮೊದಲ ದಿನ ಗುರುಮಲ್ಲಪ್ಪ ಮೇಷ್ಟ್ರು ಕರೆದು ಹೇಳಿದ್ರು. "ನೋಡಯ್ಯಾ, ಮಕ್ಕಳು ಬಾಯಿಗೆ ಬಂದ ಪದ ಬರೀತಾವೆ. ಹಸು ಓಡುತ್ತೆ, ಹಾವೂ ಓಡುತ್ತೆ, ನೀರೂ ಓಡುತ್ತೆ! ಹರಿಯೋದಕ್ಕೆ ಹರಿಯೋದು ಅನ್ನಬೇಡವಾ? ಅವಕ್ಕೆ ಹರಿಯೋದು ಕಲಿಸು. ಸರಿಯಾದ ಪದ ಆರಿಸೋದು ಕಲಿಸು."

ದ್ಯಾವಣ್ಣ ಮನೆಗೆ ಬಂದ. ಅವ್ವ ಮೊರ ಹಿಡ್ಕೊಂಡು ಕೂತಿದ್ದಳು.

"ಅವ್ವಾ, ಪದ ಆರಿಸೋದು ಹೆಂಗೆ?"

"ಅಕ್ಕಿ ಆರಿಸ್ದಂಗೆ ಕಣೋ! ಕಲ್ಲು ಕಂಡ್ರೆ ತೆಗೆದು ಬಿಸಾಕು, ಒಳ್ಳೇದನ್ನ ಉಳಿಸ್ಕೋ."

ಮಾರನೇ ದಿನ ಗುರುಮಲ್ಲಪ್ಪ ಮೇಷ್ಟ್ರು ಬಂದು ನೋಡ್ತಾರೆ, ಮಕ್ಕಳೆಲ್ಲಾ ಪುಸ್ತಕ ಪರ್ ಪರ್ ಅಂತ ಹರೀತಾ ಇದಾವೆ! ಹರಿದ ಚೂರನ್ನ ಮೊರಕ್ಕೆ ಹಾಕ್ಕೊಂಡು ಕೇರ್ತಾ ಇದಾವೆ! 'ಕಲ್ಲು' ಅಂತ ಬರೆದಿರೋ ಚೂರು ಸಿಕ್ಕಿದ್ರೆ ಕಿಟಕಿಯಿಂದ ಆಚೆ!

"ಏನೋ ಇದು, ಪಾಪಿ!"

"ನೀವೇ ಅಂದ್ರಲ್ಲಾ ಸಾರ್, ಹರಿಯೋದು ಕಲಿಸು ಅಂತ. ಜಾಣಮಕ್ಕಳು ಸಾರ್, ಬೇಗ ಕಲ್ತವೆ!"

"ಪೆದ್ದ! ಪದ ಪುಸ್ತಕದಿಂದ ಕಿತ್ತು ಮೊರಕ್ಕೆ ಹಾಕೋದಲ್ಲ ಕಣೋ. ಮಕ್ಕಳ ತಲೇಲಿ ಅಂಟಿಕೊಂಡು ಕೂರಬೇಕು!"

"ಮೊದಲೇ ಹೇಳಬಾರದಾ ಸಾರ್" ಅಂದ ದ್ಯಾವಣ್ಣ.

ಮಾರನೇ ದಿನ ಮನೆಯಿಂದ ಒಂದು ಚರಿಗೆ ಗಂಜಿ ತಂದ. ಹರಿದ ಚೂರು ಇದ್ದೇ ಇದ್ವಲ್ಲ! ಒಂದೊಂದು ತಲೆಗೂ ಗಂಜಿ ಬಳಿದ, ಒಂದೊಂದು ಪದ ಅಂಟಿಸಿದ, "ಅಲ್ಲಾಡಬೇಡಿ, ಒಣಗಲಿ" ಅಂದ. ಸಂಜೆ ತಾಯಂದಿರೆಲ್ಲಾ ಸಾಕವ್ವನ ಮನೆ ಮುಂದೆ!

"ನಮ್ಮ ಪುಟ್ಟತಾಯಿ ತಲೆಗೆ 'ಎಮ್ಮೆ' ಅಂತ ಅಂಟಿಸವ್ನಲ್ಲ, ಇವನ ಕೈ ಸೇದೋಗ!"

"ನನ್ನ ಮಗನ ತಲೆ ಬಾಚಣಿಗೆಗೇ ಬಗ್ಗಾಕಿಲ್ಲ! ಮೊಳೆ ಥರಾ ನಿಂತದೆ!"

ಸಾಕವ್ವ ಎಲ್ಲರಿಗೂ ಕೈ ಮುಗಿದಳು, ಸೀಗೆಪುಡಿ ಕೊಟ್ಟಳು. ಬಾಗಿಲು ಹಾಕ್ಕೊಂಡು ಮಗನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ತಾನೇ ಅತ್ತಳು.

"ನಾಳೆ ಸಾಹೇಬ್ರು ಬರ್ತಾರಂತಲ್ಲೋ! ಈ ಕೆಲಸನೂ ಹೋದ್ರೆ ನಿನ್ನ ಯಾರೋ ನೋಡ್ಕೋತಾರೆ, ನಾನು ಕಣ್ಣು ಮುಚ್ಚಿದ ಮೇಲೆ? ಮಕ್ಕಳ ತಲೆ ತಂಟೆ ಬಿಡು. ಕಣ್ಣಿಗೆ ಕಂಡಿದ್ದನ್ನ ಕಂಡಂಗೆ ಬರೆಸು. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಆಗಬಾರದು."

"ಆಗ್ಲಿ ಕಣವ್ವಾ. ಅಳಬೇಡ."

ಬೆಳಿಗ್ಗೆ ಮಕ್ಕಳನ್ನ ಸಾಲಾಗಿ ಕೂರಿಸಿದ. "ಕಂಡಿದ್ದನ್ನ ಕಂಡಂಗೆ ಬರೀರಿ. ಕೂದಲನ್ನ ಬಿಡಬೇಡಿ!" ಅಂದ. ಮಕ್ಕಳು ಸುತ್ತ ನೋಡಿದ್ವು. ಯಾರಿದ್ರು ಕಾಣೋಕೆ? ಗುರುಮಲ್ಲಪ್ಪ ಮೇಷ್ಟ್ರೇ! ಅವರನ್ನೇ ಬರೆದ್ವು.

ಸಾಹೇಬರು ಬಂದ್ರು. ಹಾರ ಹಾಕಿಸ್ಕೊಂಡ್ರು, ಎಳನೀರು ಕುಡಿದ್ರು. "ಯಾರಾದ್ರೂ ಬರೆದಿದ್ದನ್ನ ಓದಿ ನೋಡೋಣ" ಅಂದ್ರು. ಪುಟ್ಟತಾಯಿ ಎದ್ದು ನಿಂತು ಸ್ಲೇಟು ಹಿಡಿದು ಗಟ್ಟಿಯಾಗಿ ಓದಿದಳು.

"ನಮ್ಮ ಮುಖ್ಯ ಮೇಷ್ಟ್ರ ತಲೆ ಬೋಳು. ಎಡಗಿವಿಯ ಕೂದಲನ್ನು ಬಲಗಿವಿಯವರೆಗೆ ಎಳೆದು ಹಾಸಿಕೊಂಡಿದ್ದಾರೆ."

"ಹಾಸಿಕೊಂಡಿದ್ದಾರೆ! ಆಹಾ, ಎಂಥಾ ಪದ!" ಅಂತ ಸಾಹೇಬರು ತೊಡೆ ತಟ್ಟಿದ್ರು. "ಮುಂದೆ ಓದಮ್ಮಾ."

"ಊಟವಾದ ಮೇಲೆ ತೂಕಡಿಸುತ್ತಾರೆ. ಗೊರಕೆ ಹೊಡೆಯುವುದಿಲ್ಲ, ಸಿಳ್ಳೆ ಹಾಕುತ್ತಾರೆ. ಶನಿವಾರ ಬಿಸಿಯೂಟದ ಬೇಳೆ ಡಬ್ಬ ಅವರ ಸ್ಕೂಟರಿನ ಮೇಲೆ ತುಂಬಿಕೊಂಡು ಹೋಗುತ್ತದೆ. ಸೋಮವಾರ ಖಾಲಿಯಾಗಿ ಗಡಗಡ ಎನ್ನುತ್ತಾ ಬರುತ್ತದೆ."

ಸಾಹೇಬರ ನಗು ಅಲ್ಲೇ ನಿಂತೋಯ್ತು. ಗುರುಮಲ್ಲಪ್ಪ ಮೇಷ್ಟ್ರ ಹಾಸಿದ ಕೂದಲು ಬೆವರಿಗೆ ಜಾರಿ ಕಿವಿ ಮೇಲೆ ಜೋತುಬಿತ್ತು.

"ಮಕ್ಕಳಿಗೆ ಪದ ಕಲಿಸಿದ ಈ ದ್ಯಾವಣ್ಣನ್ನ ಬಿಡಬೇಡಿ, ಕೆಲಸ ಇವನಿಗೇ ಇರಲಿ. ನೀವು ನಾಳೆ ಆಫೀಸಿಗೆ ಬನ್ನಿ. ಡಬ್ಬ ತನ್ನಿ" ಅಂದು ಸಾಹೇಬರು ಜೀಪು ಹತ್ತಿದ್ರು.

ಮಕ್ಕಳನ್ನ ಮನೆಗೆ ಅಟ್ಟಿ ಮೇಷ್ಟ್ರು ಶಾಲೆ ಅಂಗಳದಲ್ಲೇ ದ್ಯಾವಣ್ಣನ ಮೇಲೆ ಹಾರಾಡಿದ್ರು. "ನಾನು ಸರಿಯಾದ ಪದ ಅಂದಿದ್ದು ಹಸುವಿಗೆ ಕಣೋ, ಹಾವಿಗೆ ಕಣೋ, ನನಗಲ್ಲ! ಇನ್ಮೇಲೆ ನನ್ನ ವಿಚಾರ ಬರೆಯೋದಾದ್ರೆ ಒಂದೇ ಪದ. 'ಚೆನ್ನಾಗಿದ್ದಾರೆ'! ಅದು ಬಿಟ್ಟು ಬೇರೆ ಬರೆದ್ಯೋ, ಕೈ ಮುರೀತೀನಿ!"

"ಆಗ್ಲಿ ಸಾರ್."

ಕೈ ಬೀಸ್ತಾ, ಬೈತಾ, ಮೇಷ್ಟ್ರು ಹಿಂದಹಿಂದಕ್ಕೆ ನಡೆದ್ರು. ಹಿಂದೆ ನೀರಿನ ತೊಟ್ಟಿಗೆ ಅಂತ ತೋಡಿದ ಗುಂಡಿ. ದಬಾರ್!

"ಅಯ್ಯಯ್ಯೋ, ನನ್ನ ಸೊಂಟ! ಊರೋರಿಗೆ ತಿಳಿಸೋ! ಬೇಡ, ನೀನು ಬಾಯಿ ಬಿಡಬೇಡ, ಏನಾದ್ರೂ ಅಧ್ವಾನ ಆಡ್ತೀಯ. ನಾನು ಇಲ್ಲಿದ್ದೀನಿ ಅಂತ ಬೋರ್ಡಿನ ಮೇಲೆ ಬರೆದು ಗೇಟಿಗೆ ನಿಲ್ಲಿಸು!"

ದ್ಯಾವಣ್ಣ ಕರೀ ಬೋರ್ಡು ಹೊತ್ತು ತಂದ. ಮುತ್ತಿನಂಥ ಅಕ್ಷರದಲ್ಲಿ ಬರೆದ: 'ಮುಖ್ಯ ಮೇಷ್ಟ್ರು ಗುಂಡಿಯಲ್ಲಿ ಚೆನ್ನಾಗಿದ್ದಾರೆ.'

ಹೊಲದಿಂದ ಬರೋ ಗಂಡಸರು ನಿಂತು ಓದಿದ್ರು.

"ಗುಂಡೀಲಿ ಯಾಕವ್ರೋ?"

"ಚೆನ್ನಾಗವ್ರೆ ಅಂತ ಬರೆದದಲ್ಲ, ಇರ್ಲಿ ಬಿಡು. ಅವರು ಅಲ್ಲಿದ್ರೆ ಬೇಳೆ ಇಲ್ಲಿರ್ತದೆ!"

ಹೊರಟೇ ಹೋದ್ರು. ಹೊತ್ತು ಇಳೀತು. ಮಗ ಬರಲಿಲ್ಲ ಅಂತ ಸಾಕವ್ವ ಹುಡುಕ್ಕೊಂಡು ಬಂದಳು. ಅವಳಿಗೆ ಓದೋಕೆ ಬರಲ್ಲ, ನರಳೋದು ಕೇಳಿಸ್ತು. ಓಡಿ ಹೋಗಿ ಬಾವಿ ಹಗ್ಗ ಬಿಚ್ಕೊಂಡು ಬಂದಳು. ಏದುಸಿರು ಬಿಡ್ತಾ ಮಗನ ಕೈಗೆ ಕೊಟ್ಟಳು.

"ಬೇಗ ಹಗ್ಗ ಹಾಕೋ ಗುಂಡಿಗೆ!"

"ಹಾಕೋ, ಬೇಗ ಹಾಕೋ!" ಅಂತ ಒಳಗಿಂದ ಮೇಷ್ಟ್ರು.

ದ್ಯಾವಣ್ಣ ಹಾಕಿದ. ಇಡೀ ಹಗ್ಗ, ಸುರುಳಿ ಸಮೇತ, ಮೇಷ್ಟ್ರ ಬೋಳು ತಲೆ ಮೇಲೆ ಧೊಪ್ ಅಂತ ಬಿತ್ತು.

"ಅಯ್ಯೋ ಮಂಕೇ! ಒಂದು ತುದಿ ನಿನ್ನ ಕೈಲಿರಬೇಡವೇನೋ!" ಅಂತ ಇಬ್ಬರೂ ಒಟ್ಟಿಗೆ ಕಿರುಚಿದ್ರು.

"ತುದಿ ಅಂತ ಯಾರು ಅಂದ್ರಿ? ಹಗ್ಗ ಅಂದ್ರಿ, ಹಗ್ಗ ಹಾಕ್ದೆ. ಸರಿಯಾದ ಪದ ಹೇಳೋಕೆ ನಿಮಗೇ ಬರಾಕಿಲ್ವಲ್ಲಾ!"

ಸಾಕವ್ವ ಹಣೆ ಚಚ್ಚಿಕೊಂಡು ಏಣಿ ತರೋಕೆ ತಾನೇ ಹೋದಳು. ಅವಳು ಬರೋವರೆಗೆ ನಾವ್ಯಾಕೆ ಕಾಯೋದು? ಏಳಿ, ಸಾರು ತಣ್ಣಗಾಗ್ತಾ ಇದೆ.