ಕೊಕ್ಕು ತೆರೆದ ಕೋಳಿಗಳ ರಾಜ್ಯ

“ಕೇಳ್ರಪ್ಪೋ ಕೇಳಿ! ನಮ್ಮ ಮರಳುಗಾಡಿನಲ್ಲಿ ಕೋಳಿ ಬದುಕುವಂಥ ಮನೆ ಹೇಗಿರಬೇಕು? ಮೂರು ಒಗಟು ಒಡೆದು ಹೇಳಿದವನಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ! ಉತ್ತರ ಹೇಳುವವನು ಕೋಳಿಗಳ ಜೊತೆ ಅದೇ ಮನೆಯಲ್ಲಿ ನಡುಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಕೂತಿರಬೇಕು. ಕೋಳಿ ಉಳಿದರೆ ಅವನೂ ಉಳಿದ!”

ಡಂಗುರ ಹೀಗೆ ಹೊರಟಿತು, ಸಾರುವವನು ನಾನೇ. ಸಂತೆಬೀದಿ ದಾಟುವುದರೊಳಗೆ ಬಿಸಿಲಿಗೆ ಅದರ ಚರ್ಮ ಪಟ್ಟೆಂದು ಬಿರಿಯಿತು. ಮುಂದಿನ ಊರುಗಳಲ್ಲೆಲ್ಲ ಬಡಿದದ್ದು ನನ್ನ ಹೊಟ್ಟೆಯನ್ನು. ಸುಳ್ಳಲ್ಲ, ಆ ನಾದ ಇವತ್ತಿಗೂ ಊಟವಾದ ಮೇಲೆ ಕೇಳಿಸುತ್ತದೆ.

ಆ ರಾಜ್ಯದ ಪಾಡು ಹೇಳುತ್ತೇನೆ. ಅಲ್ಲಿ ರಾಗಿಯಿಲ್ಲ, ಜೋಳವಿಲ್ಲ. ಮರಳಿನ ಹುಳ ತಿಂದು ಕೋಳಿ ಮೊಟ್ಟೆಯಿಡಬೇಕು, ಮೊಟ್ಟೆ ತಿಂದು ಜನ ಬದುಕಬೇಕು. ಆ ಕೋಳಿಗಳೋ, ರೆಕ್ಕೆಯನ್ನು ಮೈಯಿಂದ ಬಿಡಿಸಿಕೊಂಡು, ಕೊಕ್ಕು ತೆರೆದು ಏದುಸಿರು ಬಿಡುತ್ತ ಸಾಲುಸಾಲಾಗಿ ಸಾಯುತ್ತಿದ್ದವು. ಅರಮನೆಯ ಕೋಳಿಗಳನ್ನು ಸಾಕುತ್ತಿದ್ದ ಅಜ್ಜಿ ಬದುಕಿದ್ದಷ್ಟು ಕಾಲ ರಾಜನಿಗೆ ಬುದ್ಧಿ ಹೇಳಿದಳು. ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಯುವಾಗ ಅವಳು, “ಬಿಡಿಸಿ ಹೇಳಿದ್ದನ್ನ ಕೇಳಲಿಲ್ಲ. ಇನ್ನು ಒಗಟಾಗಿ ಹೇಳ್ತೀನಿ, ತಲೆ ಚಚ್ಚಿಕೊ,” ಎಂದು ಮೂರು ಒಗಟು ಹೇಳಿ ಕಣ್ಣು ಮುಚ್ಚಿದಳು. ಉತ್ತರ ಅವಳ ಜೊತೆಗೇ ಹೋಯಿತು.

ಮೊದಲು ಬಂದವನು ದಂಡನಾಯಕ.

“ಕಟ್ಟಿದಷ್ಟೂ ಮನೆ ಹಾಳು, ಕೆಡವಿದಷ್ಟೂ ಮನೆ ಉಳಿಯಿತು. ಏನದು?” ಎಂದ ರಾಜ.

“ಶತ್ರುವಿನ ಕೋಟೆ! ನಮ್ಮ ಕೋಟೆಯಂತೂ ಗಟ್ಟಿಯಿರಬೇಕು,” ಎಂದು ಅವನು ದಪ್ಪ ಮಣ್ಣಿನ ಗೋಡೆ ಎಬ್ಬಿಸಿ, ಮೊಟ್ಟೆ ತೆಗೆಯಲು ಒಂದೇ ಕಿಂಡಿ ಬಿಟ್ಟು ಒಳಗೆ ಕೂತ. ಸಂಜೆ ಹೊರತೆಗೆದಾಗ ಮೀಸೆ ಮಾತ್ರ ಗರಿಗರಿಯಾಗಿತ್ತು.

ಆಮೇಲೆ ಅತ್ತರಿನ ವ್ಯಾಪಾರಿ.

“ಸೌದೆಯಿಲ್ಲ, ಬೂದಿಯಿಲ್ಲ, ಮನೆಯೊಳಗೆ ಒಲೆ ಉರಿಯುತ್ತದೆ. ಒತ್ತಿದಷ್ಟೂ ಉರಿ, ಬಿಡಿಸಿದರೆ ತಂಪು. ಯಾವ ಒಲೆ?”

“ನೆಲ, ಮಹಾಪ್ರಭು!” ಎಂದವನೇ ಅದೇ ಮನೆಯ ನೆಲಕ್ಕೆ ಕೊಡಗಟ್ಟಲೆ ಪನ್ನೀರು ಸುರಿದ. ಗಾಳಿಯಾಡದ ಮನೆ, ಒದ್ದೆ ನೆಲ. ಇಡ್ಲಿಯ ಹಾಗೆ ಬೆಂದ. ಸುವಾಸನೆ ಮಾತ್ರ ಚೆನ್ನಾಗಿತ್ತು.

ಆಮೇಲೆ ಜೋಯಿಸ.

“ದಿನಾ ಎರಡು ಸಲ ಬಗ್ಗಿ ಮನೆಯೊಳಗೆ ಇಣುಕುವ ನೆಂಟ. ಅವನಿಗೆ ಕೆನ್ನೆ ತೋರಿಸು, ಎದೆ ತೋರಿಸಬೇಡ. ಯಾರವನು?”

“ಶನಿ! ಪರಿಹಾರ ನನ್ನಲ್ಲಿದೆ,” ಎಂದು ಜೋಯಿಸ ಮನೆಯನ್ನು ಕೆಡವಿಸಿ, ವಾಸ್ತು ನೋಡಿ, ಅದರ ಅಗಲದ ಮೈ ಪೂರ್ವಕ್ಕೆ ಬರುವಂತೆ ಮತ್ತೆ ಕಟ್ಟಿಸಿದ. ಅವನ ಜಾತಕದಲ್ಲಿ ನೂರು ವರ್ಷವಿತ್ತಂತೆ. ಸಂಜೆಯಾಗುವಷ್ಟರಲ್ಲಿ ಎಲ್ಲ ಮುಗಿಯಿತು.

ಅರಮನೆಯ ಕೋಳಿಗಳೂ ಮುಗಿದವು. ಸೈನಿಕರು ಮನೆಮನೆಗೆ ನುಗ್ಗಿ ರಾಜ್ಯದಲ್ಲಿ ಉಳಿದಿದ್ದ ಕೋಳಿಗಳನ್ನೆಲ್ಲ ಹಿಡಿದು ತಂದರು. ಅವುಗಳ ಹಿಂದೆಯೇ ಒಬ್ಬ ಹುಡುಗ ಬರಿಗಾಲಲ್ಲಿ ಓಡಿಬಂದ.

“ನೀನು ಯಾರೋ?” ಎಂದ ರಾಜ.

“ದ್ಯಾವ, ಬುದ್ಧಿ. ಒಂಟೆ ಕಾಯೋನು. ಒಂಟೆಗಳು ನನ್ನ ಬಿಟ್ಟು ಓಡಿಹೋದವು. ಉಳಿದಿದ್ದು ನನ್ನ ಕೋಳಿ ಚುಕ್ಕಿ ಒಬ್ಬಳೇ. ಅವಳನ್ನ ನಿಮ್ಮೋರು ಹಿಡ್ಕೊಂಡು ಬಂದ್ರು.”

“ಉತ್ತರ ಗೊತ್ತೇನು?”

“ಒಗಟು ಊರಿಗೆಲ್ಲ ಗೊತ್ತು, ಉತ್ತರ ಒಂದೂ ಗೊತ್ತಿಲ್ಲ. ಅವಳೊಬ್ಬಳೇ ಸಾಯೋದು ಬೇಡ ಅಂತ ಬಂದೆ. ಜೊತೆಗೆ ಹಾಕಿ.”

ಮದುವೆಯ ಆಸೆಯನ್ನೇ ಬಿಟ್ಟಿದ್ದ ರಾಜಕುಮಾರಿ ನೀಲವೇಣಿ, “ಇವನು ಸುಳ್ಳಾದರೂ ಹೇಳುತ್ತಿಲ್ಲ,” ಎಂದಳು.

ನಡುಮಧ್ಯಾಹ್ನ ಕೋಳಿಗಳ ಜೊತೆ ಅವನನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಿದರು. ಒಳಗೆ ಕತ್ತಲೆ, ಉರಿ. ಚುಕ್ಕಿ ತೊಡೆಯ ಮೇಲೆ ಕೊಕ್ಕು ತೆರೆದು ಕೂತಳು. ದ್ಯಾವನ ಬಾಯಿಯೂ ತೆರೆಯಿತು. ಕಿಂಡಿಗೆ ಮೂಗಿಟ್ಟರೆ ಅಲ್ಲಿ ಆಗಲೇ ಕೊಕ್ಕುಗಳ ಜಗಳ. ಸಂಕಟಕ್ಕೆ ಹಿಂದಿನ ಗೋಡೆ ಒದ್ದ. ಒಂದು ಹೆಂಟೆ ಮಣ್ಣು ಬಿತ್ತು. ಕಿಂಡಿಯಿಂದ ನುಗ್ಗಿದ ಗಾಳಿ ಆ ತೂತಿನಿಂದ ಹೊರಗೆ ಹೋಯಿತು. ಹೋಗುವಾಗ ಚುಕ್ಕಿಯ ಗರಿ ಅಲುಗಾಡಿತು. ದ್ಯಾವ ಹುಚ್ಚನಂತೆ ಒದೆಯತೊಡಗಿದ.

“ಗೋಡೆ ಒಡೆಯುತ್ತೀಯಾ! ತಲೆ ತೆಗೆಸುತ್ತೇನೆ!” ರಾಜ ಹೊರಗಿನಿಂದ ಕಿರುಚಿದ.

“ತೆಗೆಸಿ ಬುದ್ಧಿ, ಹೇಗೂ ಹೋಗೋದೇ!” ಎಂದು ಇನ್ನೊಂದು ಒದೆ ಕೊಟ್ಟ.

“ಅಪ್ಪಾ, ತಡೀರಿ,” ಎಂದಳು ನೀಲವೇಣಿ. “ಕೆಡವಿದಷ್ಟೂ ಮನೆ ಉಳಿಯಿತು! ಒಗಟು ಒಡೀತು!”

ಗೋಡೆ ಮೊಣಕಾಲೆತ್ತರಕ್ಕೆ ಇಳಿಯಿತು. ಉಳಿದದ್ದು ಕಂಬಗಳು, ಖರ್ಜೂರದ ಗರಿಯ ಚಾವಣಿ, ಅದರ ನೆರಳು. ಕೋಳಿಗಳು ಮಾತ್ರ ಹೆದರಿ ಒಂದಕ್ಕೊಂದು ಒತ್ತಿಕೊಂಡೇ ನಿಂತಿದ್ದವು. ನಡುವೆ ಕೈ ತೂರಿಸಿದ ದ್ಯಾವ ಹೌಹಾರಿದ. “ಅಯ್ಯೋ, ಒಲೆ ನೀವೇ ಏನ್ರೇ!” ಎಂದು ಒಂದೊಂದನ್ನೇ ಎತ್ತಿ ದೂರ ದೂರ ಕೂರಿಸಿದ. ಎರಡನೆಯದೂ ಒಡೆಯಿತು.

ಅಷ್ಟರಲ್ಲಿ ಸೂರ್ಯ ಕೆಳಗಿಳಿದು, ಮನೆಯ ಅಗಲಕ್ಕೂ ಚಾವಣಿಯ ಕೆಳಗೆ ನುಗ್ಗಿದ. ಎಲ್ಲಿಯೂ ನೆರಳಿಲ್ಲ. ಕೋಳಿಗಳು ಮಗುಚತೊಡಗಿದವು. ಚುಕ್ಕಿಯ ಕತ್ತು ವಾಲಿತು. ದ್ಯಾವ ಅವಳಿಗೆ ಅಡ್ಡ ನಿಂತ. ಎದೆ ಸುಟ್ಟಿತು. ತಡೆಯಲಾರದೆ ಪಕ್ಕಕ್ಕೆ ತಿರುಗಿದ. ಈಗ ಸುಟ್ಟದ್ದು ಕೆನ್ನೆ ಮಾತ್ರ.

“ಬುದ್ಧಿ! ನೆಂಟ ಸೂರ್ಯ! ಮನೆ ತಿರುಗಿಸಿ! ಅವನಿಗೆ ಅಗಲದ ಮೈ ಬೇಡ, ಸಣ್ಣ ಮೈ ಸಾಕು!”

ಕಂಬಗಳ ಸಮೇತ ಚಾವಣಿಯ ಒಂದು ಮೂಲೆಯನ್ನು ನಾನೊಬ್ಬನೇ ಎತ್ತಿ ತಿರುಗಿಸಿದೆ. ಉಳಿದ ಮೂರನ್ನು ಇಡೀ ದಂಡು ಸೇರಿ ಎತ್ತಿತು. ಅದೇನೂ ದೊಡ್ಡದಲ್ಲ. ಪಶ್ಚಿಮದ ಸಣ್ಣ ತುದಿಗೆ ಒಂದು ಚಾಪೆ ಇಳಿಬಿಟ್ಟೆವು. ನೆರಳು ಮರಳಿತು.

ಹೊತ್ತು ಮುಳುಗಿದಾಗ ಬದುಕಿದ್ದ ಕೋಳಿಗಳು ಒಂದು ಬುಟ್ಟಿ ತುಂಬುವಷ್ಟೂ ಇರಲಿಲ್ಲ. ಇಡೀ ರಾಜ್ಯಕ್ಕೆ ಅಷ್ಟೇ.

“ಗೋಡೆ ಬೇಡ, ಗುಂಪು ಬೇಡ, ಸೂರ್ಯನಿಗೆ ಅಗಲದ ಮೈ ಬೇಡ,” ರಾಜ ಗೊಣಗಿದ. “ಅಜ್ಜಿ ಇಷ್ಟನ್ನೇ ಹೇಳುತ್ತಿದ್ದಳೇ?”

“ಇಷ್ಟನ್ನೇ,” ಎಂದಳು ನೀಲವೇಣಿ. “ದಿನಾ, ನೀವು ಉಣ್ಣುವಾಗ. ನಾನೂ ಕಿವಿಗೆ ಹಾಕಿಕೊಂಡಿರಲಿಲ್ಲ, ಈಗ ನೆನಪಾಯಿತು.”

ರಾಜ ತಲೆ ತಗ್ಗಿಸಿದ. “ಅರ್ಧ ರಾಜ್ಯ ನಿನ್ನದು,” ಎಂದು ದ್ಯಾವನಿಗೆ ಹೇಳಿದ.

ದ್ಯಾವ ಸುತ್ತ ನೋಡಿದ. ಆ ಕಡೆ ಮರಳು, ಈ ಕಡೆ ಮರಳು. “ಯಾವ ಅರ್ಧ, ಬುದ್ಧಿ?”

ರಾಜನೂ ಸುತ್ತ ನೋಡಿದ.

ನೀಲವೇಣಿ ಮಡಕೆಯಲ್ಲಿ ನೀರು ತಂದಳು. “ಮದುವೆಯ ಮಾತು ಆಮೇಲೆ. ಮೊದಲು ಬಾಯಿ ಮುಚ್ಚು,” ಎಂದಳು. ಬಾಯಿ ಇನ್ನೂ ತೆರೆದೇ ಇದೆಯೆಂದು ದ್ಯಾವನಿಗೆ ಗೊತ್ತಿರಲಿಲ್ಲ. ಅವನು ನೀರನ್ನು ಮೊದಲು ಚುಕ್ಕಿಯ ಮುಂದಿಟ್ಟ. ಅವಳು ಕುಡಿದು, ಕತ್ತೆತ್ತಿ, ರೆಕ್ಕೆಯನ್ನು ಮೆಲ್ಲಗೆ ಮೈಗೆ ಸೇರಿಸಿಕೊಂಡಳು.

ಬೆಳಗಾದರೆ ಆ ನೆಂಟ ಮತ್ತೆ ಬರುವವನೇ. ಆದರೆ ಆ ಸಂಜೆ ಚುಕ್ಕಿ ಕೊಕ್ಕು ಮುಚ್ಚಿದಳು. ಅವಳನ್ನು ನೋಡಿ ದ್ಯಾವನೂ ಮುಚ್ಚಿದ. ಇನ್ನು ನಾನೂ ಮುಚ್ಚುತ್ತೇನೆ.