ಬೋರಲು ಕೊಡದ ಕಟ್ಟೆ

ಕೋಡಿಹಾಳು ಪೇಟೆಯ ಭಾನುವಾರದ ನಡಿಗೆಗೆ ಬಂದವರನ್ನು ನಾನು ಮೊದಲು ಹಳೆಯ ಶಾಲೆಯ ಜಗಲಿಗೆ ಕರೆದೊಯ್ಯುತ್ತೇನೆ. ಆಗ ತರಗತಿಯೊಳಗೆ ಕಾಲಿಡುವಂತಿರದಿದ್ದ ಕೇರಿಯ ಮಕ್ಕಳು ಅಕ್ಷರ ಕಲಿತದ್ದು ಆ ಜಗಲಿಯಲ್ಲಿ. ಆಮೇಲೆ, ಅವರ ಅಪ್ಪಂದಿರಿಗೆ ತೆಂಗಿನ ಚಿಪ್ಪಿನಲ್ಲಿ ಚಹಾ ಹುಯ್ಯುತ್ತಿದ್ದ ಹೋಟೆಲಿನ ಕಟ್ಟಡ. ಕಡೆಗೆ ಈ ಹೊಂಡ. ಮೂವತ್ತೆರಡು ಮೆಟ್ಟಿಲು, ಬೇಸಿಗೆಯಲ್ಲೂ ಬತ್ತದ ಸಿಹಿನೀರು. ಮೇಲಿನ ಮೆಟ್ಟಿಲಿನ ಪಕ್ಕ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಬೋರಲಾಗಿ ಕೂತ ಪುಟ್ಟದೊಂದು ಕಲ್ಲಿನ ಕೊಡ. ಫೋಟೋಗೆ ಚೆಂದ ಕಾಣಲೆಂದು ಅದನ್ನು ನೆಟ್ಟಗೆ ನಿಲ್ಲಿಸಲು ಹೋಗುವ ಮಹಾನುಭಾವರೂ ಇದ್ದಾರೆ. "ಕೈ ತೆಗೀರಿ ಸ್ವಾಮಿ" ಎಂದು ಗದರಿಬಿಡುತ್ತೇನೆ. ಎಪ್ಪತ್ತೆಂಟು ವಯಸ್ಸಿನ ಮೇಷ್ಟ್ರಿಗೆ ಅಷ್ಟು ಸಲಿಗೆ ಇರಲಿ.

ಒಂದು ಕಾಲಕ್ಕೆ ಕೇರಿಯವರು ಈ ಮೆಟ್ಟಿಲು ಇಳಿಯುವಂತಿರಲಿಲ್ಲ. ತಮ್ಮ ಕೊಡಗಳನ್ನು ಈ ಕಟ್ಟೆಯ ಮೇಲಿಟ್ಟು ದೂರ ನಿಲ್ಲಬೇಕು. ಮೇಲಿನ ಬೀದಿಯ ಹೆಂಗಸರು ಮನಸ್ಸಾದಾಗ ನೀರು ತಂದು, ಕೊಡಕ್ಕೆ ಕೊಡ ತಾಗದಂತೆ ಎತ್ತರದಿಂದ ಹುಯ್ಯಬೇಕು. ಅರ್ಧ ನೀರು ನೆಲದ ಪಾಲು. ಬಾಯಾರಿಕೆ ತಡೆಯಲಾರದೆ ಒಬ್ಬ ಇಳಿದದ್ದಕ್ಕೆ ಇಡೀ ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು ಎನ್ನುತ್ತಾರೆ. ಹಾಗಿರುವಾಗ ಊರಿಗೆ ವಾಂತಿಭೇದಿ ಬಂತು. ಕೇರಿಯ ದುರುಗವ್ವನ ಏಳು ವರ್ಷದ ಮಗಳು ಹುಲಿಗಿ ಬೆಳಗಿನಿಂದ ನೀರು ನೀರು ಎಂದು ಹಂಬಲಿಸುತ್ತಿದ್ದಳು. ದುರುಗವ್ವ ಕೊಡ ಹಿಡಿದು ಓಡಿ ಬಂದಳು. ಅಯ್ಯೋ, ಅಂದು ಸೂರ್ಯಗ್ರಹಣ! ಗ್ರಹಣ ಬಿಡುವವರೆಗೆ ಮೇಲಿನ ಬೀದಿಯಲ್ಲಿ ಯಾರೂ ನೀರು ಮುಟ್ಟರು, ಕದ ತೆರೆಯರು. ಹೊಂಡದ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಇಳಿದಿದ್ದರೆ ಕೇಳುವವರಿರಲಿಲ್ಲ. ಆದರೆ ಯಾವ ಕಿಟಕಿಯ ಸಂದಿನಲ್ಲಿ ಯಾರ ಕಣ್ಣಿದೆಯೋ! ತನ್ನ ಕೂಸಿಗಾಗಿ ಕೇರಿಯ ಎಲ್ಲರ ಕೂಸುಗಳನ್ನು ಬೆಂಕಿಗೆ ಒಡ್ಡಲಾರದೆ ಆಕೆ ಕಟ್ಟೆಯ ಬಳಿಯೇ ನಿಂತು ಎದುರಿನ ಮನೆಯತ್ತ ಕೂಗಿದಳು: "ಅವ್ವಾ, ಒಂದ್ ಕೊಡ ನೀರು ಹುಯ್ಯಿರವ್ವಾ, ನನ್ ಕೂಸು ಸಾಯ್ತೈತಿ!"

ಆ ಎದುರಿನ ಮನೆ ನಮ್ಮದು. ಕದದ ಹಿಂದೆ ನಿಂತು ಆ ಕೂಗನ್ನು ಕೇಳಿದವಳು ನಮ್ಮಜ್ಜಿ ಗೌರಮ್ಮ, ಆಗಿನ್ನೂ ಹೊಸ ಸೊಸೆ. ಇನ್ನೇನು ಗ್ರಹಣ ಬಿಡುತ್ತದೆ, ಬಿಟ್ಟ ತಕ್ಷಣ ಓಡಿಹೋಗಿ ಹುಯ್ದರಾಯಿತು ಎಂದುಕೊಂಡಳಂತೆ. ಅಗುಳಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳಂತೆ. ದುರುಗವ್ವ ಏಳೆಂಟು ಸಲ ಕೂಗಿ ಸುಮ್ಮನಾದಳು. ಗ್ರಹಣ ಬಿಟ್ಟು ಅಜ್ಜಿ ಕದ ತೆರೆಯುವಷ್ಟರಲ್ಲಿ ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ, ಕೇರಿಯಲ್ಲಿ ಹುಲಿಗಿಯೂ ಉಳಿದಿರಲಿಲ್ಲ.

ಮಾರನೆಯ ದಿನ ಮಗುವನ್ನು ಮಣ್ಣು ಮಾಡಿದ ಕೈಯಲ್ಲೇ ದುರುಗವ್ವ ಕೊಡ ತಂದು ಕಟ್ಟೆಯ ಮೇಲಿಟ್ಟಳು. ಅಜ್ಜಿ ಅಳುತ್ತಾ ತುಂಬಿದ ಬಿಂದಿಗೆ ಹೊತ್ತು ಬಂದಳು. ಹುಯ್ಯಲು ಬಗ್ಗಿದಾಗ ದುರುಗವ್ವ ತನ್ನ ಕೊಡವನ್ನು ಬೋರಲು ಹಾಕಿದಳು. "ನಿನ್ನೆ ಬೇಕಿತ್ತವ್ವ. ಇನ್ ಮ್ಯಾಲೆ ಯಾರೂ ಹುಯ್ಯಾದ್ ಬ್ಯಾಡ" ಎಂದಳು. ಸಂಜೆಗೆ ಕೇರಿಯ ಕೊಡಗಳೆಲ್ಲ ಆ ಕಟ್ಟೆಯ ಮೇಲೆ ಬೋರಲಾಗಿದ್ದವು. ನಲವತ್ತು ದಿನ ಅವರು ಎರಡು ಹರಿದಾರಿ ದೂರದ ಹಳ್ಳದಲ್ಲಿ ಒರತೆ ತೋಡಿ ಕುಡಿದರು. ನಲವತ್ತೊಂದನೆಯ ದಿನ ಮಟಮಟ ಮಧ್ಯಾಹ್ನ, ಊರೆಲ್ಲ ನೋಡುತ್ತಿರುವಾಗ, ದುರುಗವ್ವ ಮುಂದಾಗಿ ಕೇರಿಗೆ ಕೇರಿಯೇ ಮೆಟ್ಟಿಲಿಳಿಯಿತು. ಕಲ್ಲುಗಳು ಬಿದ್ದವು. ಹಣೆಯೊಡೆದು ರಕ್ತ ಸುರಿಯುತ್ತಿದ್ದರೂ ಆಕೆ ಕೊಡ ತುಂಬಿಕೊಂಡೇ ಹತ್ತಿದಳು. ಒಂದು ಗುಟುಕೂ ಕುಡಿಯದೆ ನೇರ ಹುಲಿಗಿಯನ್ನು ಹೂತ ಗುಡ್ಡೆಗೆ ಹೋಗಿ ಅಷ್ಟನ್ನೂ ಮಣ್ಣಿಗೆ ಹುಯ್ದಳು. ಅಂದಿನಿಂದ ಇದು ಬೋರಲು ಕೊಡದ ಕಟ್ಟೆ. ಕಲ್ಲಿನ ಕೊಡ ಕೆತ್ತಿಸಿ ಇಟ್ಟವರು ಕೇರಿಯವರೇ. ಅದಕ್ಕೆ ದುಡ್ಡು ಕೊಡುತ್ತೇನೆಂದು ಅಜ್ಜಿ ಕೇಳಿಕೊಂಡರೂ ಅವರು ಒಪ್ಪಲಿಲ್ಲ.

ವರ್ಷಕ್ಕೊಮ್ಮೆ, ಹುಲಿಗಿ ಸತ್ತ ದಿನ, ಕೇರಿಯವರು ಬಂದು ಮೆಟ್ಟಿಲಿಳಿದು ತಮ್ಮ ಬೊಗಸೆಯಲ್ಲೇ ನೀರು ಕುಡಿಯುವುದನ್ನು ನೀವೂ ನೋಡಬಹುದು. ಎದುರಿನ ಹಳೆಯ ಕದವೂ ಹಾಗೇ ಇದೆ. ಆ ದಿನ ಬೆಳಗಿನಿಂದ ಅದನ್ನು ಹಾರುಹೊಡೆದು, ತುಂಬಿದ ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು ನಾನು ಹೊಸ್ತಿಲಲ್ಲಿ ನಿಂತಿರುತ್ತೇನೆ. ಅಜ್ಜಿಯೂ ಸಾಯುವವರೆಗೆ ಹಾಗೇ ನಿಲ್ಲುತ್ತಿದ್ದಳು. ಅವರು ನೀರು ಕುಡಿದು, ನನಗೆ ನಮಸ್ಕಾರ ಹೇಳಿ ಹೋಗುತ್ತಾರೆ. ಯಾರೂ ಕೂಗುವುದಿಲ್ಲ.